ಬೆರಳಿಗೆ ಅಂಟಿಸಿದ ಫಿಲ್ಮು

ಐವತ್ತರ ದಶಕದ ಕೊನೆಯಲ್ಲಿ ನಾನು ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಪ್ರಯೋಗಶಾಲೆಯ ಸಹಾಯಕನಾಗಿದ್ದೆ. ಗಂಟಲಿನ ಥೈರಾಯ್ಡ್ ಗ್ರಂಥಿಯ ರೋಗಿಗಳಿಗೆ ಕುಡಿಸುವ ವಿಕಿರಣದ ಅಯೋಡಿನ್ ಅನ್ನು ಅಳೆದು ಗ್ಲಾಸಿಗೆ ಹಾಕುವುದು ನನ್ನ ಕೆಲಸ. ಆ ವಿಕಿರಣ ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿದರೆ ಬಿಸಿಯೂ ತಾಗುವುದಿಲ್ಲ. ಅದಕ್ಕೇ ಕಪ್ಪು ಕಾಗದದಲ್ಲಿ ಸುತ್ತಿದ, ಉಗುರಿನಷ್ಟು ಅಗಲದ ಫೋಟೋ ಫಿಲ್ಮಿನ ಚೂರನ್ನು ಬೆರಳಿಗೆ ಅಂಟಿಸಿಕೊಳ್ಳುತ್ತಿದ್ದೆವು. ಹದಿನೈದು ದಿನಕ್ಕೊಮ್ಮೆ ಅದನ್ನು ತೊಳೆದು ನೋಡುತ್ತಿದ್ದರು. ಫಿಲ್ಮು ಕಪ್ಪಾದಷ್ಟೂ ಕೈಗೆ ಹೆಚ್ಚು ವಿಕಿರಣ ತಗುಲಿದೆ ಎಂದರ್ಥ.

ಒಂದು ಸಲ ಹೀಗೆ ಫಿಲ್ಮು ತೊಳೆಯಲು ಕೊಟ್ಟು, ರಜೆ ಹಾಕಿ, ಡಫಳಾಪುರದ ನಮ್ಮ ಮನೆಗೆ ಬಂದೆ. ಹೆಂಡತಿ ಚೊಚ್ಚಲ ಹೆರಿಗೆಗೆಂದು ಉಟಗಿಯ ತವರಿನಲ್ಲಿದ್ದಳು. ಹೆಣ್ಣು ಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ಉಟಗಿಯ ಬಸ್ಸು ಹತ್ತುವಾಗ ಟಪಾಲಿನವ ಓಡಿಬಂದು ಒಂದು ಲಕೋಟೆ ಕೊಟ್ಟ. ನಮ್ಮ ಡಾಕ್ಟರರ ಕಾಗದ. ನನ್ನ ಫಿಲ್ಮು ಪೂರ್ತಿ ಕಪ್ಪಾಗಿದೆ. ಫಿಲ್ಮಿಗೋ ಕೈಗೋ ಅಯೋಡಿನ್ ಅಂಟಿ ಹಾಗಾಗಿರಬಹುದು, ಇಲ್ಲವೆ ಬೆರಳುಗಳಿಗೇ ವಿಕಿರಣ ಬಿದ್ದಿರಬಹುದು. ವಿಕಿರಣ ಅಳೆಯುವ ಯಂತ್ರ ಹಿಡಿದು ಪರೀಕ್ಷಿಸುವವರೆಗೆ ಕೈಯನ್ನು ಮತ್ತೆಮತ್ತೆ ತೊಳೆದುಕೋ, ಮಕ್ಕಳನ್ನು ಮುಟ್ಟಬೇಡ, ಕೂಡಲೇ ಹೊರಟು ಬಾ.

ಕೂಸಿನ ಮುಖವನ್ನಾದರೂ ನೋಡಿ ಹೊರಡೋಣವೆಂದು ಬಸ್ಸಿನಲ್ಲಿ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕುಳಿತೆ. ನಾಲ್ಕು ದಿನ ಅವ್ವನ ಪಕ್ಕದಲ್ಲಿ ಕೂತು ರೊಟ್ಟಿ ಮುರಿದಿದ್ದೆ. ಅಪ್ಪನ ಬೆನ್ನು ತಿಕ್ಕಿದ್ದೆ. ಎಲ್ಲ ಇದೇ ಕೈಗಳಿಂದ.

ಉಟಗಿಯಲ್ಲಿ ಅಂಗಳದ ತುಂಬ ಹೆಂಗಸರು. ಅತ್ತೆ ಕೂಸನ್ನು ತಂದು ನನ್ನ ಮುಂದೆ ಚಾಚಿದರು. "ತಗೋರಿ ಅಳಿಯಂದ್ರ, ನಿಮ್ಮ ಮಗಳು."

ನಾನು ಹಿಂದೆ ಸರಿದೆ. "ಧೂಳಾಗ ಬಂದೀನ್ರಿ, ಕೈ ತೊಳಕೊಂಡ ಬರ್ತೀನಿ."

ತೊಳೆದು ಬಂದೆ. ಅತ್ತೆ ಮತ್ತೆ ಚಾಚಿದರು. ಮತ್ತೆ ಬಚ್ಚಲಿಗೆ ಹೋದೆ. ಮೂರನೆಯ ಸಲ ನಾನು ಎದ್ದಾಗ ಅಂಗಳದ ಮಾತು ನಿಂತುಹೋಯಿತು. ಹೆಂಡತಿ ಎದ್ದು ಬಚ್ಚಲ ಬಾಗಿಲಿಗೆ ಬಂದಳು. ಮುಖ ಬಿಗಿದಿತ್ತು.

"ಹೆಣ್ಣು ಹುಟ್ಯಾದಂತ ಮುಟ್ಟಾಕ ಒಲ್ರೇನು? ಹಂಗಿದ್ರ ಬಾಯಿ ಬಿಟ್ಟು ಹೇಳ್ರಿ."

"ಕೂಸಿನ ಮಾತಲ್ಲ ಇದು. ನನ್ನ ಕೈಗಳ ಮಾತು."

ಕಾಗದ ತೋರಿಸಿ ಎಲ್ಲ ಹೇಳಿದೆ. ಅವಳು ನನ್ನ ಬೆರಳುಗಳನ್ನೇ ನೋಡುತ್ತ ನಿಂತಳು.

"ನೋವು ಅದ ಏನ್ರಿ?"

"ಏನೂ ಇಲ್ಲ. ಅದಕ್ಕ ಭಾಳ ಅಂಜಿಕಿ."

"ಮತ್ತ ಇಲ್ಲ್ಯಾಕ ನಿಂತೀರಿ? ಲಗೂನ ಹೋಗ್ರಿ. ಅವ್ವಗ ನಾ ಹೇಳ್ತೀನಿ."

ಉಣ್ಣದೆ ಹೊರಟೆ. ಓಣಿಯ ತಿರುವಿನವರೆಗೂ ಜೋಗುಳ ಕೇಳಿಸುತ್ತಿತ್ತು.

ಮುಂಬಯಿಯಲ್ಲಿ ಡಾಕ್ಟರರು ನನ್ನ ಅಂಗೈ, ಬೆರಳ ಸಂದು, ಉಗುರುಗಳ ಮೇಲೆ ನಿಧಾನವಾಗಿ ಯಂತ್ರ ಆಡಿಸಿದರು. ಅದು ಟಿಕ್ ಎಂದಾಗಲೆಲ್ಲ ಅವರ ಮುಖ ನೋಡಿದೆ. ಖಾಲಿ ಕೋಣೆಯಲ್ಲೂ ಅದು ಅಷ್ಟು ಸದ್ದು ಮಾಡುತ್ತದೆ ಎಂದರು. ಕೈಗೆ ಏನೂ ಅಂಟಿರಲಿಲ್ಲ. ನಾನು ಮುಟ್ಟಿದವರಿಗೆ ಯಾವ ಅಪಾಯವೂ ಇರಲಿಲ್ಲ. ಗೋಡೆಗೆ ಒರಗಿ ಅತ್ತುಬಿಟ್ಟೆ. ಆದರೆ ಫಿಲ್ಮಿಗೂ ಏನೂ ಅಂಟಿರಲಿಲ್ಲ. ಅಂದರೆ ವಿಕಿರಣ ಬಿದ್ದದ್ದು ಬೆರಳುಗಳಿಗೇ. ಅದು ಇನ್ನೊಬ್ಬರಿಗೆ ಅಂಟುವಂಥದಲ್ಲ, ಆದರೆ ನನ್ನ ಬೆರಳುಗಳನ್ನೇ ಸುಡಬಹುದು. ಅಯೋಡಿನ್ ಶೀಶೆ ಹಿಡಿಯಲು ಉದ್ದ ಇಕ್ಕಳ ಬಳಸುತ್ತಿದ್ದೆಯಾ ಎಂದು ಕೇಳಿದರು. ಸುಳ್ಳು ಹೇಳುವ ಧೈರ್ಯ ಉಳಿದಿರಲಿಲ್ಲ. ಇಕ್ಕಳದಿಂದ ತಡವಾಗುತ್ತದೆ, ರೋಗಿಗಳು ಗೊಣಗುತ್ತಾರೆಂದು ಶೀಶೆಯನ್ನು ಬೆರಳಲ್ಲೇ ಹಿಡಿಯುತ್ತಿದ್ದೆ ಎಂದೆ.

ಅವರು ಬೈಯಲಿಲ್ಲ. ಆರು ತಿಂಗಳು ನನ್ನನ್ನು ಅಯೋಡಿನ್ ಕೋಣೆಯಿಂದ ದೂರವಿಟ್ಟು, ವಾರಕ್ಕೊಮ್ಮೆ ಬೆರಳುಗಳನ್ನು ನೋಡುತ್ತಿದ್ದರು. ಚರ್ಮ ಕೆಂಪಾಗಲಿಲ್ಲ, ಉಗುರು ಕೆಡಲಿಲ್ಲ. ಊರಿಗೆ ಕಾಗದ ಬರೆದೆ. ದೀಪಾವಳಿಗೆ ಹೋದಾಗ ಮಗಳು ನನ್ನ ಗುರುತಿಲ್ಲದೆ ಚೀರಿದಳು, ಎತ್ತಿಕೊಂಡರೂ ಸುಮ್ಮನಾಗಲಿಲ್ಲ.

ಮತ್ತೆ ಕೆಲಸಕ್ಕೆ ಕೂತ ದಿನ ಇಕ್ಕಳದಲ್ಲಿ ಶೀಶೆ ಹಿಡಿದೆ. ಹೊರಗೆ ಯಾರೋ ಎಷ್ಟು ಹೊತ್ತು ಎಂದು ಮರಾಠಿಯಲ್ಲಿ ಕೂಗಿದರು. ನಾನು ಅವಸರ ಮಾಡಲಿಲ್ಲ.