ವಿಮಾನ ದಾಟುವವರೆಗೆ

ಐವತ್ತು ದಾಟಿದ ಮೇಲೆ ನಾನು ವೃಂದಗಾನ ನಿರ್ದೇಶನದ ತರಬೇತಿಗೆ ಸೇರಿದೆ. ಕಾನ್ವೆಂಟಿನಲ್ಲಿ ಓದಿದವಳು, ಒಮ್ಮೆಯೂ ಫೇಲಾದವಳಲ್ಲ. ಇದರಲ್ಲೂ ಪಾಸಾಗುತ್ತೇನೆಂದು ನೆಂಟರಿಗೆಲ್ಲ ಮೊದಲೇ ಹೇಳಿಬಿಟ್ಟಿದ್ದೆ. ಕೊನೆಯ ಪರೀಕ್ಷೆಗೆ ದೇವನಹಳ್ಳಿಯ ನಮ್ಮ ಬೀದಿಯ ಹೆಂಗಸರನ್ನೇ ಸೇರಿಸಿ ತಂಡ ಕಟ್ಟಿದೆ.

ಅವರಿಗೊಂದು ಕೆಟ್ಟ ಚಾಳಿ. ತಲೆಯ ಮೇಲೆ ವಿಮಾನ ಬಂದರೆ ಮಾತಾಗಲಿ ಹಾಡಾಗಲಿ ಅರ್ಧಕ್ಕೇ ನಿಲ್ಲಿಸುತ್ತಾರೆ, ಅದು ದಾಟಿದ ಮೇಲೆ ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾರೆ.

"ನನ್ನ ಕೈ ನಿಂತರೆ ಮಾತ್ರ ನೀವು ನಿಲ್ಲಬೇಕು" ಎಂದು ಗದರಿದ್ದೆ.

"ಇಮಾನ ಬಂದಾಗ ಹಾಡಿದ್ರೆ ಯಾರಿಗ್ ಕೇಳ್ತದೆ ಮೇಡಂ? ಗಂಟಲು ದಂಡ" ಎಂದಿದ್ದರು ಮುಂದಿನ ಸಾಲಿನ ಲಕ್ಕಮ್ಮ.

ಪರೀಕ್ಷೆಯ ದಿನ ಪರೀಕ್ಷಕರು ನಮ್ಮ ಬೀದಿಗೇ ಬಂದರು. ಹಾಡು ಚೆನ್ನಾಗಿಯೇ ಏರಿತು. ಅಷ್ಟರಲ್ಲಿ ವಿಮಾನ ಬಂತು. ಇಡೀ ತಂಡ ಬಾಯಿ ಮುಚ್ಚಿತು. ನಾನು ಬೆನ್ನು ನೆಟ್ಟಗಿಟ್ಟುಕೊಂಡು, ಬೇರೆ ದಾರಿ ಕಾಣದೆ, ಮೌನಕ್ಕೇ ತಾಳ ಹಾಕುತ್ತ ನಿಂತೆ. ಸದ್ದು ಅಡಗಿದ ಕೂಡಲೇ ಎಲ್ಲರೂ ಒಂದೇ ಉಸಿರಿಗೆ ಹಾಡು ಎತ್ತಿಕೊಂಡರು.

ಪರೀಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಎಂಥ ಹಿಡಿತ ಮೇಡಂ! ಎಲ್ಲರ ಕಣ್ಣೂ ನಿಮ್ಮ ಕೈ ಮೇಲೇ ಇತ್ತು."

"ಅಯ್ಯೋ ಸಾರ್," ಎಂದು ಲಕ್ಕಮ್ಮ ಶುರುಮಾಡಿದರು, "ನಾವು ಮೇಡಂ ಕೈನ ಎಲ್ಲಿ…"

ಇನ್ನೊಂದು ವಿಮಾನ ಬಂತು. ಲಕ್ಕಮ್ಮ ಶಿಸ್ತಾಗಿ ಬಾಯಿ ಮುಚ್ಚಿಕೊಂಡು ನಿಂತರು. ಅದು ದಾಟುವುದರೊಳಗೆ ನಾನು ಪರೀಕ್ಷಕರನ್ನು ಕಾಫಿಗೆ ಕರೆದುಕೊಂಡು ಹೋಗಿಬಿಟ್ಟೆ.