ಏಳನೇ ಪಾಠದ ತಪ್ಪು

ಹೋದ ತಿಂಗಳು ನಮ್ಮ ಮನೆಗೆ ಮೂವರು ಗಣಿತದ ಮೇಷ್ಟ್ರು ಕೊರಿಯರ್‌ನಲ್ಲಿ ಬಂದರು.

ಒಬ್ಬರು ಅಮೆರಿಕದವರು, ಟೈ ಕಟ್ಟಿದವರು. ಇನ್ನೊಬ್ಬರು ಕನ್ನಡಕ ಹಾಕಿದ ಕಾರ್ಟೂನ್ ಗೂಬೆ. ಮೂರನೆಯವರು ಇಲ್ಲೇ ವಡಪಳನಿಯ ನಿವೃತ್ತ ಉಪಾಧ್ಯಾಯರು. ಮೂವರೂ ಮಾದರಿ ಸಿ.ಡಿ.ಗಳೊಳಗೆ ಕೂತಿದ್ದರು. ಅವರಲ್ಲಿ ಒಬ್ಬರನ್ನು ಆರಿಸಿ, ಹಾಲ್‌ನ ಕಂಪ್ಯೂಟರಿನಲ್ಲಿ ಮಗಳಿಗೆ ಆಲ್ಜೀಬ್ರಾ ಕಲಿಸಲು ಹಚ್ಚುವುದು ನಮ್ಮ ಕೆಲಸ.

ಮಗಳಿಗೆ ಶಾಲೆ ಇಲ್ಲವೇ ಎಂದು ನೀವು ಕೇಳುತ್ತೀರಿ. ಇಲ್ಲ. ಶುಭಾ ಶಾಲೆ ಬಿಟ್ಟು ಒಂಬತ್ತು ತಿಂಗಳಾಯಿತು. ಈ ಅಂಕಣದಲ್ಲಿ ನಾನು ಅಡ್ಯಾರಿನ ಸೊಳ್ಳೆಗಳ ಬಗ್ಗೆ ಬರೆದೆ, ನೀರಿನ ಲಾರಿಯ ಬಗ್ಗೆ ಬರೆದೆ, ಒಣಹಾಕಿದ ಸಂಡಿಗೆಯ ಮೇಲೆ ಕೂತ ಕಾಗೆಯ ಬಗ್ಗೆಯೂ ಬರೆದೆ. ಇದನ್ನು ಬರೆಯಲಿಲ್ಲ. (ಇವತ್ತೂ ಬರೆದದ್ದನ್ನು ಅವಳಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೆಯೇ ಕಳಿಸುತ್ತಿದ್ದೇನೆ. ತಮಿಳರ ನಡುವೆ ಬೆಳೆದ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅದು ಬೇರೆ ಕಥೆ.)

ಒಂಬತ್ತನೇ ತರಗತಿಯಲ್ಲಿ ಒಂದು ದಿನ ಅವಳನ್ನು ಬೋರ್ಡಿಗೆ ಕರೆದರು. ಲೆಕ್ಕ ತಪ್ಪಾಯಿತು. ಮಿಸ್ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. "ಯಾರೂ ಅಳಿಸಬೇಡಿ, ಎಲ್ಲರೂ ನೋಡಲಿ" ಅಂದರಂತೆ, ಅಷ್ಟೇ. ಮುಂದಿನ ಪೀರಿಯಡ್, ಅದರ ಮುಂದಿನ ಪೀರಿಯಡ್, ಊಟದ ಬೆಲ್ ಆಗುವವರೆಗೂ ಬೋರ್ಡಿನ ಮೂಲೆಯಲ್ಲಿ ಅವಳ ಅಕ್ಷರದ ಆ ಲೆಕ್ಕ ಹಾಗೇ ಇತ್ತು. ಕೆಳಗೆ ಅವಳ ಹೆಸರು.

ಇದನ್ನು ನಮಗೆ ಹೇಳಿದ್ದು ಅವಳ ಗೆಳತಿ. ಶುಭಾ ಅಲ್ಲ. ಯಾವ ಲೆಕ್ಕ, ಎಲ್ಲಿ ತಪ್ಪಿತು ಎಂದು ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ.

ಆಮೇಲೆ ಗಣಿತವಿದ್ದ ದಿನ ಹೊಟ್ಟೆನೋವು. ಬರಬರುತ್ತ ಎಲ್ಲ ದಿನವೂ ಹೊಟ್ಟೆನೋವು. ಡಾಕ್ಟರು ಏನೂ ಇಲ್ಲ ಅಂದರು. ಕೊನೆಗೆ ಮನೆಯಲ್ಲೇ ಓದಿಸುವುದು ಎಂದು ತೀರ್ಮಾನವಾಯಿತು. ಹತ್ತನೆಯ ಪರೀಕ್ಷೆಯನ್ನು ಓಪನ್ ಸ್ಕೂಲ್ ಮೂಲಕ ಕಟ್ಟಬಹುದು. ಅಲ್ಲಿ ಗಣಿತ ಬೇಡವೆಂದರೆ ಬೇರೆ ವಿಷಯ ತೆಗೆದುಕೊಳ್ಳಲೂಬಹುದು.

ಶುಭಾ ಗಣಿತವೇ ಬೇಡ ಅಂದಳು. ಗಣಿತ ಬಿಟ್ಟರೆ ಮುಂದೆ ಸೈನ್ಸ್ ಸಿಗುವುದು ಕಷ್ಟ. ಆರನೇ ವಯಸ್ಸಿನಿಂದ ನಾಯಿ, ಬೆಕ್ಕು, ಹಸುಗಳ ಡಾಕ್ಟರಾಗುತ್ತೇನೆ ಎನ್ನುತ್ತಿದ್ದ ಹುಡುಗಿ ಇವಳು. ಅರ್ಜಿ ಕಳಿಸಲು ತಿಂಗಳ ಕೊನೆಯವರೆಗೆ ಸಮಯವಿತ್ತು. ಟ್ಯೂಷನ್‌ಗೆ ಹಾಕೋಣವೆಂದರೆ, "ಯಾರ ಮುಂದೇನೂ ಕಣಕ್ಕು ಪೋಡಲ್ಲ ನಾನು" ಅಂದಳು. ಯಾರೆದುರಿಗೂ ಲೆಕ್ಕ ಮಾಡುವುದಿಲ್ಲ ಎಂದು. ಸಿ.ಡಿ.ಯ ಮೇಷ್ಟ್ರು ನಮ್ಮನ್ನು ನೋಡುವುದಿಲ್ಲವಲ್ಲ? ಹಾಗೆ ಬಂದವು ಈ ಸಿ.ಡಿ.ಗಳು.

ನಮ್ಮವರು ನುಂಗಂಬಾಕ್ಕಂನ ಆಫೀಸೊಂದರಲ್ಲಿ ಟೆಂಡರ್ ಪರಿಶೀಲಿಸುವ ಕೆಲಸದಲ್ಲಿದ್ದಾರೆ. ಸಿ.ಡಿ.ಗಳನ್ನೂ ಹಾಗೆಯೇ ನೋಡಿದರು. ಚಿತ್ರ ಹೇಗಿದೆ, ಧ್ವನಿ ಹೇಗಿದೆ, ಸಿಲಬಸ್‌ಗೆ ಹೊಂದುತ್ತದೆಯೇ ಎಂದು ಗೆರೆ ಎಳೆದು ಪಟ್ಟಿ ಮಾಡಿದರು. ನಾನು ಪಕ್ಕದಲ್ಲಿ ಬೀನ್ಸ್ ನಾರು ತೆಗೆಯುತ್ತ ಮೂವರ ಪಾಠವನ್ನೂ ಕೇಳಿದೆ.

ಅಮೆರಿಕದವರದು ಕನ್ನಡಿಯಷ್ಟು ಸ್ವಚ್ಛ. ಗೂಬೆ ಪ್ರತಿ ಉತ್ತರಕ್ಕೂ ರೆಕ್ಕೆ ಬಡಿದು ಚಪ್ಪಾಳೆ ಹಾಕುತ್ತಿತ್ತು. ವಡಪಳನಿಯವರ ಪಾಠ ಅವರ ಮನೆಯ ವರಾಂಡದಲ್ಲೇ ತೆಗೆದದ್ದು. ಫ್ಯಾನಿನ ಗರಗರ. ನಡುವೆ ಸೊಪ್ಪು ಮಾರುವವಳ ಕೂಗು. ಸಾಲದ್ದಕ್ಕೆ ಏಳನೇ ಪಾಠದಲ್ಲಿ ಮೇಷ್ಟ್ರೇ ಲೆಕ್ಕ ತಪ್ಪಿದರು.

ಬ್ರಾಕೆಟ್ ಬಿಡಿಸುವಾಗ ಪ್ಲಸ್ ಬರೆಯಬೇಕಾದಲ್ಲಿ ಮೈನಸ್ ಬರೆದುಬಿಟ್ಟರು. ಉತ್ತರ ಆರು ಎಂದರು. ತಾಳೆ ನೋಡಲು ಆರನ್ನು ಹಾಕಿದರೆ, ಹನ್ನೆರಡು ಬರಬೇಕಾದ ಕಡೆ ಇಪ್ಪತ್ತನಾಲ್ಕು. ಮೇಷ್ಟ್ರು ಚಾಕ್‌ಪೀಸ್ ಕೆಳಗಿಳಿಸಿ ಬೋರ್ಡನ್ನೇ ನೋಡಿದರು.

"ಒರು ನಿಮಿಷಂ" ಅಂದರು ಆಮೇಲೆ. "ಎಂಗಯೋ ತಪ್ಪು ಪಣ್ಣಿಟ್ಟೇನ್. ಸೇಂದು ತೇಡುವೋಂ." ಎಲ್ಲೋ ತಪ್ಪು ಮಾಡಿದೆ, ಸೇರಿ ಹುಡುಕೋಣ ಎಂದು. ಕೆಳಗಿನಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಡುತ್ತ ಮೇಲಕ್ಕೆ ಹೋದರು. ಸಿಕ್ಕಿತು. ಅದನ್ನು ಅಳಿಸಲಿಲ್ಲ. ಸುತ್ತ ಒಂದು ಸೊನ್ನೆ ಸುತ್ತಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಮುಂದೆ ಹೋದರು.

"ಇದನ್ನ ಕಟ್ ಮಾಡಕ್ಕೆ ಆಗ್ತಿರ್ಲಿಲ್ವಾ?" ಅಂದರು ನಮ್ಮವರು. "ಹೇಳಿಕೊಡೋರೇ ತಪ್ಪು ಮಾಡಿದ್ರೆ ಮಕ್ಕಳು ಏನು ಕಲೀತಾರೆ?"

ನನಗೂ ಹಾಗೇ ಅನ್ನಿಸಿತು. ಆ ಸಿ.ಡಿ.ಯನ್ನು ವಾಪಸ್ ಕವರಿಗೆ ಹಾಕಿಟ್ಟೆ.

ಶುಭಾ ಒಂದು ವಾರ ಉಳಿದಿಬ್ಬರನ್ನು ನೋಡಿದಳು. ಬಸ್ ಕಿಟಕಿಯಿಂದ ಹೊರಗೆ ನೋಡುವವರ ಹಾಗೆ. ಯಾವುದು ಬೇಕಮ್ಮ ಅಂದರೆ, "ಏದಾವದು ಓಕೆ, ಯಾವುದಾದ್ರೂ ಸರಿ. ಗಣಿತ ಅಂತೂ ತಗೊಳಲ್ಲ" ಅನ್ನುವಳು.

ಒಂದು ಮಧ್ಯಾಹ್ನ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ಹಾಲ್‌ನಿಂದ "ಒರು ನಿಮಿಷಂ" ಎಂದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ "ಒರು ನಿಮಿಷಂ". ಐದನೇ ಸಲ ಕೇಳಿದಾಗ ಸಿ.ಡಿ.ಗೆ ಗೀರು ಬಿದ್ದಿದೆ ಅಂದುಕೊಂಡು ಹೋಗಿ ನೋಡಿದೆ. ಕವರಿನಿಂದ ತಾನೇ ತೆಗೆದು ಹಾಕಿಕೊಂಡಿದ್ದಳು. ತಾನೇ ಹಿಂದಕ್ಕೆ ಓಡಿಸಿ ಓಡಿಸಿ ನೋಡುತ್ತಿದ್ದಳು.

"ಅಮ್ಮಾ, ಇಂಗೆ ಪಾರು, ಇಲ್ಲಿ ನೋಡು" ಅಂದಳು, ಪರದೆಯಿಂದ ಕಣ್ಣು ತೆಗೆಯದೆ. "ಅವರು ಅಳಿಸಲ್ಲ. ಅವರಿಗೆ ನಾಚಿಕೇನೇ ಆಗಲ್ಲ."

ಆಗ ನನಗೆ ಅವಳ ಗಣಿತದ ನೋಟ್‌ಬುಕ್ ನೆನಪಾಯಿತು. ಒಂದೂ ಕಾಟು ಇಲ್ಲದ ಪುಸ್ತಕ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ. ದಿನವೂ ಮೇಜು ಒರೆಸಿ ಆ ಪುಸ್ತಕ ಜೋಡಿಸಿಡುತ್ತಿದ್ದವಳು ನಾನು. ತಪ್ಪಾದ ಹಾಳೆಗಳನ್ನೆಲ್ಲ ಪಿನ್ನು ಸಡಿಲವಾಗುವಷ್ಟು ಅವಳು ಕಿತ್ತು ಬಿಸಾಡಿದ್ದಾಳೆ ಎಂದು ನನ್ನ ಕೈಗೆ ಗೊತ್ತಾಗಲಿಲ್ಲವೇ? ಗೊತ್ತಾಗಿರಬೇಕು. ನಾನು ಗಮನ ಕೊಡಲಿಲ್ಲ.

"ಇವರೇ ಇರ್ಲಿ" ಅಂದಳು ಶುಭಾ. "ಟ್ರೈ ಮಾಡ್ತೀನಿ."

ನಮ್ಮವರಿಗೆ ಆ ಸಂಜೆ ಎಷ್ಟು ಸಂತೋಷವಾಯಿತೆಂದರೆ, ಕೂಡಲೇ ಮೇಷ್ಟ್ರಿಗೆ ಫೋನ್ ಮಾಡಿ ಪೂರ್ತಿ ಸೆಟ್ಟಿಗೆ ಹೇಳಿದರು. ಅಲ್ಲಿಗೇ ನಿಲ್ಲಿಸಿದ್ದರೆ ಆಗಿತ್ತು. ಊಟಕ್ಕೆ ಕೂತಾಗ ಹೆಮ್ಮೆಯಿಂದ ಅಂದರು: "ಏಳನೇ ಪಾಠದಲ್ಲಿ ತಪ್ಪಿದೆ ಅಂತ ಅವರಿಗೆ ಹೇಳ್ದೆ. ಪಾಪ, ಒಳ್ಳೆಯವರು. ಮನ್ನಿಚ್ಚಿಡುಂಗೋ ಸಾರ್, ತಪ್ಪಾಯ್ತು, ಇನ್ನೊಂದ್ಸಲ ಶೂಟ್ ಮಾಡಿ ತಪ್ಪಿಲ್ಲದ್ದು ಕಳಿಸ್ತೀನಿ ಅಂದ್ರು."

ಶುಭಾ ತುತ್ತನ್ನು ತಟ್ಟೆಗೆ ಬಿಟ್ಟಳು.

"ಏನ್ ಅಪ್ಪಾ ಚೊನ್ನೇ? ಯಾಕೆ ಹೇಳ್ದೆ?"

"ಅವರ ಒಳ್ಳೇದಕ್ಕೇ ಪುಟ್ಟೀ. ನಾಳೆ ಬೇರೆ ಮಕ್ಕಳೂ ನೋಡ್ತಾರಲ್ಲ?"

"ಅವರೇ ಕಂಡುಹಿಡಿದ್ರಲ್ಲ. ಅವರಿಗೆ ಗೊತ್ತಿತ್ತಲ್ಲ. ನೀನು ಎದುಕ್ಕು ಹೇಳ್ಬೇಕು?" ಎದ್ದು ಕೈ ತೊಳೆದಳು. "ನಂಗೆ ಮ್ಯಾತ್ಸ್ ವೇಂಡಾಂ. ಫಾರ್ಮಲ್ಲಿ ಬರೀಬೇಡಿ."

ನಮ್ಮವರು ನನ್ನ ಮುಖ ನೋಡಿದರು. ಅವರು ಮಾಡಿದ್ದರಲ್ಲಿ ತಪ್ಪೇನು ಎಂದು ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ. ನನಗೆ ತಿಳಿದಿತ್ತು, ಆದರೆ ಹೇಳುವ ಮುಖ ನನಗೆಲ್ಲಿತ್ತು? ಆ ಸಿ.ಡಿ.ಯನ್ನು ಕವರಿಗೆ ಹಾಕಿದ ಕೈ ನನ್ನದು.

ಅರ್ಜಿಗೆ ಇನ್ನು ಎರಡೇ ದಿನ. ಮಾರನೇ ಬೆಳಿಗ್ಗೆ ಇವರು ಆಫೀಸಿಗೆ ಹೋದ ಮೇಲೆ ಶುಭಾ ಕೋಣೆಯಿಂದ ಬಂದಳು. ಸಿ.ಡಿ. ಕವರಿನ ಮೇಲಿದ್ದ ನಂಬರ್ ನೋಡಿ ಫೋನ್ ತಿರುಗಿಸಿದಳು. ಒಂಬತ್ತು ತಿಂಗಳಿಂದ ಫೋನ್ ಬಡಿದುಕೊಂಡರೂ ಎತ್ತದವಳು. ನಾನು ಮಿಕ್ಸಿ ಆರಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ಸಾರ್, ನಾನ್ ಶುಭಾ. ನೇತ್ತು ಅಪ್ಪಾ ಪೇಸಿನಾರ್." "ಅಂದ ಪಾಠತ್ತೆ ಮಾತ್ತಾದೀಂಗ, ಸಾರ್. ಪ್ಲೀಸ್." ನಿನ್ನೆ ಅಪ್ಪ ಮಾತಾಡಿದ್ದರಲ್ಲ, ಆ ಪಾಠವನ್ನು ಬದಲಾಯಿಸಬೇಡಿ ಎಂದು ಕೇಳುತ್ತಿದ್ದಳು.

ಯಾಕಮ್ಮ ಎಂದು ಆ ಕಡೆಯಿಂದ ಕೇಳಿರಬೇಕು. ಶುಭಾ ಫೋನಿನ ವಯರನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ನಾನೇ ಹೋಗಿ ಮಾತಾಡಲೇ ಎಂದು ಒಂದು ಹೆಜ್ಜೆ ಇಟ್ಟೆ. (ಇಟ್ಟು, ನಿಂತೆ. ಇಷ್ಟು ದಿನದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ.) ಆ ಕಡೆಯವರಿಗೂ ಅವಸರವಿರಲಿಲ್ಲ ಎಂದು ಕಾಣುತ್ತದೆ.

"ಸ್ಕೂಲ್‌ಲ ನಾನುಂ ಅಂಗೇದಾನ್ ತಪ್ಪು ಪಣ್ಣೇನ್, ಸಾರ್" ಅಂದಳು ಶುಭಾ.

ಶಾಲೆಯಲ್ಲಿ ನಾನೂ ಅಲ್ಲೇ ತಪ್ಪು ಮಾಡಿದ್ದು. ಬ್ರಾಕೆಟ್ಟಿನ ಮುಂದಿನ ಮೈನಸ್.

ಆಮೇಲೆ ಪೆನ್ಸಿಲ್ ಬೇಕೆಂದು ನನಗೆ ಕೈಸನ್ನೆ ಮಾಡಿದಳು. ಅವರು ಹೇಳಿದ ಲೆಕ್ಕವೊಂದನ್ನು ಹಳೆಯ ಪತ್ರಿಕೆಯ ಅಂಚಿನಲ್ಲಿ ಬರೆದುಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಫೋನಿನಲ್ಲೇ ಮಾಡಿದಳು. ಒಮ್ಮೆ ತಪ್ಪಿದಳು. ತಾನೇ ಹಿಂದೆ ಹೋಗಿ ಸರಿ ಮಾಡಿಕೊಂಡಳು.

ಸಂಜೆ ಇವರು ಬಂದ ಮೇಲೆ ಅರ್ಜಿಯಲ್ಲಿ ಗಣಿತ ಎಂದು ಬರೆದಾಯಿತು. ಪಾಸಾಗುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಈಗ ನನ್ನನ್ನು ಕಾಡುತ್ತಿರುವುದೂ ಅದಲ್ಲ. ಒಂಬತ್ತು ತಿಂಗಳು ಒಂದೇ ಸೂರಿನಡಿ ಉಂಡು ಮಲಗಿದ ನಮಗೆ ಹೇಳದ ಮಾತನ್ನು, ಮುಖವನ್ನೇ ಕಾಣದ ಒಬ್ಬರಿಗೆ ಅವಳು ಹೇಳಿದಳು.

ಹೇಳಬಹುದು ಎಂದು ಅವಳಿಗೆ ಅನ್ನಿಸುವ ಹಾಗೆ, ನಮ್ಮದೊಂದು ತಪ್ಪನ್ನು ನಾವು ಯಾವತ್ತಾದರೂ ಅವಳೆದುರಿಗೆ ಒಪ್ಪಿಕೊಂಡಿದ್ದೆವೇ?