ಹಜ್‌ಗೆ ಮೊದಲು ಶಿರಾ

ಮಧುಗಿರಿಯಿಂದ ಶಿರಾಕ್ಕೆ ಹೋಗುವ ಬೆಳಗಿನ ಬಸ್ಸು ಏಳಕ್ಕೆ ಎಂದವರು ಎಂಟಕ್ಕೆ ಬಿಟ್ಟರು. ತಲೆಗೆ ಒಂದು ರೂಪಾಯಿ, ದಾರಿ ಇಪ್ಪತ್ತೈದು ಮೈಲಿ, ಧೂಳು ಪುಕ್ಕಟೆ. ನನ್ನ ಪಕ್ಕದಲ್ಲಿ ಜೈನಾಬಿ ಬುರ್ಖಾ ತೊಟ್ಟು, ಮುಖದ ಮೇಲೆ ಮುಸುಕು ಇಳಿಬಿಟ್ಟು ಕೂತಿದ್ದರು. ನಾನು ಪಾಠ ಹೇಳುವ ಶಾಲೆಯ ಹಿಂದಿನ ಬೀದಿಯಲ್ಲಿ ಹಾಸಿಗೆ ಹೊಲಿಯುವ ಖಾದರ್ ಸಾಬರ ಹೆಂಡತಿ. ಹನ್ನೆರಡು ವರ್ಷದಿಂದ ನಾವು ನೆರೆಹೊರೆ.

ಆ ವರ್ಷ ಗಂಡಹೆಂಡಿರಿಬ್ಬರಿಗೂ ಹಜ್ ಯಾತ್ರೆಯ ಹಡಗಿನಲ್ಲಿ ಜಾಗ ಸಿಕ್ಕಿತ್ತು. ಜೈನಾಬಿ ಯಾತ್ರೆಗೆಂದೇ ಹೊಸ ಬುರ್ಖಾ ಹೊಲಿದು, ಮುಸುಕಿನ ಅಂಚಿಗೆ ಎರಡು ತಿಂಗಳು ಕಸೂತಿ ಹಾಕಿದರು. ಎಲ್ಲ ಮುಗಿದ ಮೇಲೆ ತಿಳಿಯಿತು: ಹಜ್ ದೀಕ್ಷೆಯಲ್ಲಿ ಹೆಂಗಸು ತಲೆ ಮುಚ್ಚಬೇಕು, ಮುಖಕ್ಕೆ ಮುಸುಕು ಕಟ್ಟುವಂತಿಲ್ಲ. ಮದುವೆಯಾದಂದಿನಿಂದ ಪರಗಂಡಸಿಗೆ ಮುಖ ತೋರಿಸದ ಆಕೆ, ನಾನು ಬರುವುದಿಲ್ಲ ಎಂದು ಕೂತುಬಿಟ್ಟರು. ನೀನಿಲ್ಲದೆ ನಾನೂ ಹೋಗೆ ಎಂದ ಸಾಬರು, ಜಾಗ ಬಿಟ್ಟುಕೊಡುವ ಕಾಗದವನ್ನು ನನ್ನ ಕೈಯಲ್ಲೇ ಬರೆಸಿ ಜೇಬಿನಲ್ಲಿಟ್ಟುಕೊಂಡಿದ್ದರು. ಅದು ಸಂಜೆಯ ಟಪಾಲಿಗೆ ಬೀಳಬೇಕು. ಅಷ್ಟರೊಳಗೆ ಶಿರಾದಲ್ಲಿರುವ, ಹಜ್ ಮಾಡಿ ಬಂದ ಆಕೆಯ ಸೋದರತ್ತೆಯನ್ನು ಒಂದು ಮಾತು ಕೇಳೋಣವೆಂದು ನಾನೇ ಜೈನಾಬಿಯನ್ನು ಹೊರಡಿಸಿದ್ದೆ.

ಬಡವನಹಳ್ಳಿ ದಾಟುವಾಗ ನನ್ನ ಜಾಣತನ ತೋರಿಸಿದೆ. "ಅಲ್ರೀ, ಮುಖ ತಾನೆ? ನಾವೆಲ್ಲ ಓಡಾಡಲ್ವಾ?"

"ಟೀಚರಮ್ಮ, ನೀವು ಸೆರಗು ಇಲ್ದೆ ಬರೀ ರವಿಕೇಲಿ ಸ್ಕೂಲಿಗೆ ಹೋಗ್ತೀರಾ? ನಂಗೂ ಅಂಗೇ ಕಣಮ್ಮ."

ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು. ಇಷ್ಟು ವರ್ಷ ಆ ಮುಸುಕನ್ನು ಬೇಸಿಗೆಯ ಸಂಕಟವೆಂದಷ್ಟೇ ತಿಳಿದಿದ್ದೆ. ನಾಚಿಕೆಯಾಯಿತು.

ಅತ್ತೆಯ ಮನೆ ಶಿರಾದ ಕೋಟೆಯ ಹತ್ತಿರ. ನನಗೆಂದು ಬೇರೆಯಾಗಿ ಹಾಲು ಹಣ್ಣು ತರಿಸಿದ್ದರು. ನಾನು ಅವರ ರೊಟ್ಟಿ, ಬದನೆಕಾಯಿಯನ್ನೇ ತಿಂದೆ. ಮುದುಕಿ ಬೊಚ್ಚುಬಾಯಲ್ಲಿ ನಕ್ಕರು. ಆಮೇಲೆ ಜೈನಾಬಿಯ ಸಂಕಟ ಕೇಳಿ ಹೇಳಿದರು:

"ತಲೆ ಮುಚ್ಚೋದು ಅಲ್ಲಾನ ಮಾತು. ಮುಖ ಮುಚ್ಚೋದು ನಮ್ಮನೆ ರಿವಾಜು. ಅವನ ಮನೆಗೆ ಹೋದ್ಮೇಲೆ ಅವನ ಮಾತು ಕೇಳ್ಬೇಕು ತಾನೆ?"

"ಜನ ನೋಡ್ತಾರೆ, ಪುಪ್ಪು," ಎಂದರು ಜೈನಾಬಿ.

"ಅಲ್ಲಿ ಎಲ್ರೂ ಅಳ್ತಿರ್ತಾರೆ. ನಿನ್ ಮುಖ ನೋಡಕ್ಕೆ ಯಾರಿಗೆ ಪುರುಸೊತ್ತು, ಬುಡು!"

ಜೈನಾಬಿ ಎದ್ದು ಬುರ್ಖಾ ತೊಟ್ಟು, ಮುಸುಕು ಇಳಿಬಿಟ್ಟರು.

ಮಧ್ಯಾಹ್ನದ ಬಸ್ಸು ಶಿರಾ ಬಿಟ್ಟು ಎರಡು ಮೈಲಿ ಬಂದಿತ್ತು. ಜೈನಾಬಿ ತಲೆಬಟ್ಟೆಯನ್ನು ಒಂದು ಕೂದಲೂ ಕಾಣದಂತೆ ಬಿಗಿದು ಕಟ್ಟಿ, ಮುಸುಕನ್ನು ಹಿಂದಕ್ಕೆ ಹಾಕಿಬಿಟ್ಟರು. ನೋಡುವ ಕಣ್ಣುಗಳ ಜೊತೆ ನನ್ನವೂ ಸೇರದಿರಲಿ ಎಂದು ನಾನು ಕಿಟಕಿಯಾಚೆ ಬೇಲಿ ಎಣಿಸಿದೆ. ಕಂಡಕ್ಟರ್ ಚೀಟಿ ಹರಿಯುತ್ತ ಒಮ್ಮೆ ನೋಡಿದ, ತಿರುಗಿ ಇನ್ನೊಮ್ಮೆ ನೋಡಿದ. ಆಕೆಯ ಹಿಡಿತಕ್ಕೆ ನನ್ನ ಗಾಜಿನ ಬಳೆ ಒಂದು ಒಡೆಯಿತು.

"ಸಾಕು, ಇಳಿಸ್ಕೊಳ್ಳಿ," ಎಂದೆ.

"ಸುಮ್ಕಿರ್ರಿ. ಬಡವನಹಳ್ಳಿ ಗಂಟ."

ಬಡವನಹಳ್ಳಿಯೂ ಹಿಂದಾಯಿತು. ಮಧುಗಿರಿಯ ಬೆಟ್ಟ ಕಂಡ ಮೇಲೆ ಆಕೆ ಮುಸುಕನ್ನು ಮೆಲ್ಲಗೆ ಕೆಳಗಿಳಿಸಿಕೊಂಡರು. "ಇದು ನಮ್ಮೂರು," ಎಂದರು.

ಬಸ್ ನಿಲ್ದಾಣದಲ್ಲಿ ಸಾಬರು ಕಾಗದ ಹಿಡಿದೇ ನಿಂತಿದ್ದರು. ಹೆಂಡತಿ ಮುಖ ತೆರೆದು ಬಂದದ್ದನ್ನು ನಾನೇ ಹೇಳಿದೆ.

"ಯಾರಾದ್ರೂ ನೋಡಿದ್ರಾ?" ಎಂದು ಆಕೆಯನ್ನು ಕೇಳಿದರು.

"ನೋಡಿದ್ರು. ನಾನೇನು ಸಾಯ್ಲಿಲ್ಲ. ಅದನ್ನ ಇಲ್ಲಿ ಕೊಡಿ."

ನಾನು ಮುತ್ತು ಪೋಣಿಸಿದ ಹಾಗೆ ಬರೆದಿದ್ದ ಕಾಗದವನ್ನು ಜೈನಾಬಿ ನಾಲ್ಕು ಚೂರು ಮಾಡಿ ನನ್ನ ಕೈಗೇ ಹಾಕಿದರು.